ಬಲದ ಮೇಲೆ ಎಡ

ಮೊದಲ ಸಲ ತಪ್ಪಿದ್ದು ಅಲ್ಲೇ.
ಹೊಲಿದು ಮುಗಿಸಿದ ಯುಕಾತಾ ಮಗುವಿಗೆ ತೊಡಿಸಿ
ಬಲದಂಚನ್ನು ಎಡದ ಮೇಲೆ ಎಳೆದು ಕಟ್ಟಿದೆ.
ಚಿಯೋಕೊ ಮೇಡಂ ಓಡಿ ಬಂದು ಬಿಚ್ಚಿದರು,
ಬೆಂಕಿ ಹತ್ತಿದ ಬಟ್ಟೆ ಬಿಚ್ಚುವ ಹಾಗೆ.
"ಬಲದ ಮೇಲೆ ಎಡ, ಮುನಿರಾತುನಾ-ಸಾನ್.
ಹೀಗೆ ಕಟ್ಟೋದು ಸತ್ತವರಿಗೆ."

ವೇಮಗಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಹೊಲಿದಿದ್ದೇನೆ,
ಸ್ಕೂಲ್ ಯೂನಿಫಾರಂ, ಬಾಣಂತಿಯ ರವಿಕೆ, ಕಂಪನಿ ಕೋಟು.
ಗುಂಡಿಯಿಲ್ಲದ, ಹುಕ್ಕಿಲ್ಲದ,
ಒಂದು ಮಡಿಕೆಯಲ್ಲಿ ಹೆಣವೂ ಮನುಷ್ಯರೂ ಬೇರೆಯಾಗುವ ಬಟ್ಟೆ
ಇದೇ ಮೊದಲು.

ಐದು ಮನೆ ಅವರದ್ದು, ಕಾರ್ಖಾನೆ ಹಿಂದಿನ ಕ್ವಾರ್ಟರ್ಸಿನಲ್ಲಿ.
ಹೋದ ವರ್ಷ ಒಂಬತ್ತಿತ್ತು.
ಯಂತ್ರ ಕೂರಿಸಲು ಬಂದವರು
ಯಂತ್ರ ಕೂತ ಮೇಲೆ ಏಳಲೇಬೇಕಲ್ಲ.
ಉಳಿದ ಮಕ್ಕಳು ಕನ್ನಡದಲ್ಲಿ ಹಟ ಮಾಡುತ್ತವೆ:
"ಕುಣಿಯಲ್ಲ ಹೋಗಮ್ಮಾ, ಕಾಲು ನೋಯ್ತದೆ."

ಶನಿವಾರ ಸಂಜೆ ತಾರಸಿಯ ಮೇಲೆ ಪಾಠ,
ಸಿಂಟೆಕ್ಸ್ ಟ್ಯಾಂಕಿನ ಪಕ್ಕ,
ಸುಶೀಲಮ್ಮನ ಸಂಡಿಗೆ ಬದಿಗೆ ಸರಿಸಿ.
ಡೋಲು ಮೊಬೈಲಿನೊಳಗೆ.
ಅಗೆ, ಅಗೆ. ಹೆಗಲ ಹಿಂದಕ್ಕೆ ಎಸೆ.
ಹಣೆಗೆ ಕೈಯಿಟ್ಟು ದೂರ ನೋಡು.
ಗಾಡಿ ತಳ್ಳು, ತಳ್ಳು. ತೋಳು ಚಾಚು. ಚಪ್ಪಾಳೆ.

ಮೂರನೇ ಶನಿವಾರ ಕೇಳಿದೆ, ಇದೇನು ಕುಣಿತ?
"ಕಲ್ಲಿದ್ದಲು," ಎಂದರು. "ಅಜ್ಜಿಯ ಊರು. ಗಣಿ.
ಗಣಿ ಮುಚ್ಚಿತು. ಕುಣಿತ ಇದೆ."

ಪಿನ್ನು ಬಾಯಲ್ಲಿ ಕಚ್ಚಿಕೊಂಡು ಸುಮ್ಮನಿದ್ದೆ.
ನಮ್ಮಪ್ಪ ಚಾಂಪಿಯನ್ ರೀಫಿನಲ್ಲಿ
ಮೂವತ್ತೊಂದು ವರ್ಷ ಕೆಳಗಿಳಿದವನು.
ಅಗೆದದ್ದು ಚಿನ್ನ.
ಅಮ್ಮನ ಕಿವಿಯಲ್ಲಿ ಕೊನೆತನಕ ಬೇವಿನ ಕಡ್ಡಿ.
ಗಣಿ ಮುಚ್ಚಿದ ದಿನ ಸೈರನ್ ಕೂಗಲಿಲ್ಲ,
ಅಪ್ಪ ಎದ್ದು ಬೂಟು ಹಾಕಿಕೊಂಡೇ ಕೂತಿದ್ದ.
ನಮಗೆ ಕುಣಿತ ಉಳಿಯಲಿಲ್ಲ. ಕೆಮ್ಮು ಉಳಿಯಿತು,
ಗಾಳಿಗೆ ಏಳುವ ಸಯನೈಡ್ ದಿಬ್ಬ ಉಳಿಯಿತು.

ಪಿನ್ನು ತೆಗೆದು ಅಂದೆ, "ಅಗೆಯೋದು ಹಿಂಗಲ್ಲ.
ನೆಟ್ಟಗೆ ನಿಂತು ಯಾರು ಅಗೀತಾರೆ? ತಲೆ ಮೇಲೆ ಕಲ್ಲು.
ಮಂಡಿಯೂರಬೇಕು, ಹೆಗಲಿಂದ ಡ್ರಿಲ್ಲು ಒತ್ತಬೇಕು, ಹಿಂಗೆ."
ಮಾಡಿ ತೋರಿಸಿದೆ,
ಅಪ್ಪ ಮುದ್ದೆ ತಟ್ಟೆ ಪಕ್ಕಕ್ಕಿಟ್ಟು ನಮಗೆ ತೋರಿಸುತ್ತಿದ್ದಂತೆ.
ಮಕ್ಕಳು ನಕ್ಕವು. ಡ್ರೈವರ್ ನಯಾಜ್ ನಕ್ಕ.
ಮೇಡಂ ನಗಲಿಲ್ಲ.
ಮಂಡಿಯೂರಿ ಎರಡು ಸಲ ತಾವೂ ಮಾಡಿ ನೋಡಿದರು.
ಎದ್ದು ಧೂಳು ಕೊಡವಿಕೊಂಡು
"ಅಜ್ಜಿಯ ಕೈ ಹೀಗಿತ್ತು," ಎಂದು ನೆಟ್ಟಗೆ ನಿಂತರು.
"ನಾನು ಬದಲಾಯಿಸೋ ಹಾಗಿಲ್ಲ."

ಸಿಟ್ಟು ಬಂತು, ಸುಳ್ಳೇಕೆ.
ಎರಡು ಶನಿವಾರ ಹೋಗಲಿಲ್ಲ.
ಅಂಗಡಿಯಲ್ಲಿ ಕೂತು ಅಮ್ಮನ ಕತ್ತರಿಯಲ್ಲಿ ಕತ್ತರಿಸುತ್ತಿದ್ದೆ,
ಹೆಬ್ಬೆರಳಿಗೆ ಒತ್ತಿ ಒತ್ತಿ ಗಂಟು ಬಿದ್ದಿದೆ,
ಹೊಸದು ಪೆಟ್ಟಿಗೆಯಲ್ಲೇ ಇದೆ, ಆರು ವರ್ಷದಿಂದ.
ಮೂರನೇ ಶನಿವಾರ ಹೋದೆ.

ಆಗಸ್ಟ್ ನಡುವೆ ಅವರ ಸತ್ತವರು ಮನೆಗೆ ಬರುತ್ತಾರಂತೆ.
ಬೇಗ ಬರಲೆಂದು ಸೌತೆಕಾಯಿ ಕುದುರೆ,
ನಿಧಾನ ಹೋಗಲೆಂದು ಬದನೆಕಾಯಿ ಹಸು,
ಕಾಲಿಗೆ ಬೆಂಕಿಕಡ್ಡಿ.
ಹುಳುಕಿಲ್ಲದ್ದು ಆರಿಸಿ ಸಂತೆಯಿಂದ ನಾನೇ ತಂದುಕೊಟ್ಟೆ.

ಆ ರಾತ್ರಿ ಹನ್ನೊಂದೇ ಜನ.
ಸುತ್ತು ಕೂಡಲಿಲ್ಲ, ನಡುವೆ ಲಾರಿ ಹಾಯುವಷ್ಟು ಸಂದು.
ನನ್ನ ಕರೆದರು, ಸುಶೀಲಮ್ಮನ ಕರೆದರು, ನಯಾಜ್‌ನ,
ಗೇಟಿನ ಬಿಹಾರದ ಹುಡುಗನನ್ನೂ, ಸೀಟಿ ಕೊರಳಲ್ಲೇ ಇತ್ತು.
ನಾನೇ ಹೊಲಿದ ನೀಲಿ ಬಟ್ಟೆ. ಬಲದ ಮೇಲೆ ಎಡ.
ಅಗೆ, ಅಗೆ,
ಆ ಕಾಣದ ಅಜ್ಜಿಯಂತೆ ನೆಟ್ಟಗೆ ನಿಂತೇ ಅಗೆದೆ.
ದೂರ ನೋಡುವಲ್ಲಿ ಮಾತ್ರ
ಎಲ್ಲರೂ ಚಂದ್ರನ ಕಡೆ ತಿರುಗಿದರೆ
ನಾನು, ಬೆಂಗಳೂರು ಬಳಸಿ ಬಿಟ್ಟ ನೀರು ತುಂಬಿದ ಕೆರೆಯಾಚೆ,
ಬಂಗಾರಪೇಟೆಯ ದಿಕ್ಕಿಗೆ.
ಮೇಡಂ ಕಂಡರು. ತಿದ್ದಲಿಲ್ಲ.

ಮೂರನೇ ದಿನ ಬಾಕಿ ದುಡ್ಡಿಗೆಂದು ಹೋದರೆ
ತಟ್ಟೆಯಲ್ಲಿ ಬದನೆಕಾಯಿ ಎರಡು.
ಒಂದು ನೆಟ್ಟಗೆ ನಿಂತಿತ್ತು.
ಇನ್ನೊಂದರ ಮುಂದಿನ ಕಡ್ಡಿಗಳು ಅರ್ಧಕ್ಕೆ ಮುರಿದಿದ್ದವು,
ಯಾವುದೋ ಮಗುವಿನ ಚೇಷ್ಟೆ ಅಂದುಕೊಂಡು
ಸರಿಮಾಡಲು ಕೈ ಚಾಚಿದೆ.
"ಬೇಡ," ಎಂದರು. "ಅದು ನಿಮ್ಮಪ್ಪನದು."